ತಾರಸಿ ತೋಟದ ರಾಯರು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟಿತು ಅನ್ನುವಾಗಲೇ ತಾರಸಿ ತೋಟದ ರಾಯರು ನಗುವುದನ್ನು ನಿಲ್ಲಿಸುತ್ತಾರೆ. ಮತ್ತೆ ಅವರ ಹಲ್ಲು ಕಾಣಬೇಕಾದರೆ ಒಂದು ಹದ ಮಳೆ ಬೀಳಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಇಂಥ ರಾಯರಿರುತ್ತಾರೆ. ಸಾಮಾನ್ಯವಾಗಿ ನಿವೃತ್ತರು, ಅದರಲ್ಲೂ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಊರವರ ಬಿಲ್ಲುಗಳಿಗೆಲ್ಲ ತಕರಾರು ಬರೆದ ಕೈ ಈಗ ಪೇಂಟಿನ ಡಬ್ಬ, ಒಡಕು ಬಕೆಟ್ಟು, ಕೆಟ್ಟ ವಾಷಿಂಗ್ ಮೆಷಿನ್ನಿನ ಡ್ರಮ್ಮುಗಳಲ್ಲಿ ಬದನೆ, ಬೆಂಡೆ, ಟೊಮೆಟೊ, ದಾಸವಾಳ, ಗುಂಡುಮಲ್ಲಿಗೆ ಬೆಳೆಸುತ್ತಿರುತ್ತದೆ. ಮಳೆಗಾಲದಲ್ಲಿ ಎಲ್ಲರೂ ತೋಟಗಾರರೇ, ಉಗಿದ ಬೀಜವೂ ಹುಟ್ಟುತ್ತದೆ. ರಾಯರನ್ನು ನೋಡಬೇಕಾದದ್ದು ಬೇಸಿಗೆಯಲ್ಲಿ.

ನಮ್ಮ ಬೀದಿಯ ರಾಯರ ಪ್ರತಿಭೆ ಪೂರ್ತಿ ಬೆಳಕಿಗೆ ಬಂದದ್ದು 2024ರಲ್ಲಿ. ಕೊಳವೆಬಾವಿಗಳು ಒಂದೊಂದಾಗಿ ಕೆಮ್ಮಿ ಸುಮ್ಮನಾಗಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ನಾವೆಲ್ಲ ಸುದ್ದಿ ಓದಿ ಪೇಪರ್ ಮಡಿಸಿಟ್ಟೆವು. ರಾಯರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಓದಿದರು. ಜೀವಮಾನದಲ್ಲಿ ಒಂದು ಸುತ್ತೋಲೆಯನ್ನೂ ಮೀರದ ಮನುಷ್ಯ. ಹಾಗಂತ ಬದನೆ ಗಿಡವನ್ನು ಕಣ್ಣೆದುರು ಸಾಯಲು ಬಿಡುವುದು ಹೇಗೆ? ಸಂಜೆಯ ಹೊತ್ತಿಗೆ ಆದೇಶದೊಳಗೇ ದಾರಿ ಸಿಕ್ಕಿತು. ಹಾಕಬಾರದ್ದು ಕುಡಿಯುವ ನೀರು ತಾನೇ? ಒಮ್ಮೆ ಬಳಸಿಬಿಟ್ಟರೆ ಅದನ್ನು ಯಾರು ಕುಡಿಯುತ್ತಾರೆ? ಅಂದಿನಿಂದ ಆ ಮನೆಯಲ್ಲಿ ನೀರನ್ನು ಕಾನೂನುಬದ್ಧವಾಗಿ ಕೊಳೆ ಮಾಡುವ ಕೆಲಸ ಶುರುವಾಯಿತು.

ಅಕ್ಕಿ ತೊಳೆಯುವ ಹೊತ್ತಿಗೆ ರಾಯರು ಪಾತ್ರೆ ಹಿಡಿದು ಅಡುಗೆಮನೆಯಲ್ಲಿ ಹಾಜರು.

“ಬೇಳೆ ಇನ್ನೊಂದ್ಸಲ ತೊಳೀಬಹುದಿತ್ತಲ್ವೇ?”

“ಮೂರು ಸಲ ತೊಳೆದಾಯ್ತು ರೀ. ಇನ್ನು ತೊಳೆದ್ರೆ ನಿಮ್ಮ ಗಿಡಕ್ಕೆ ಸಾರು, ನಿಮಗೆ ಬರೀ ನೀರು.”

ರಜೆಗೆ ಬಂದ ಮೊಮ್ಮಗನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ. ಅದೂ ಟಬ್ಬಿನಲ್ಲಿ ನಿಂತು, ಸೋಪು ಮುಟ್ಟದೆ, ಕಡಲೆಹಿಟ್ಟು ಹಚ್ಚಿಕೊಂಡು. ಬಂದ ನೆಂಟರು ಲೋಟದಲ್ಲಿ ಬಿಟ್ಟ ನೀರು ಕರಿಬೇವಿಗೆ. ಲೋಟ ಖಾಲಿ ಮಾಡಿ ಕೆಳಗಿಟ್ಟವರ ಮೇಲೆ ರಾಯರಿಗೆ ಒಳಗೊಳಗೇ ಮುನಿಸು. ವಾಟರ್ ಫಿಲ್ಟರ್ ಹೊರಗೆ ಚೆಲ್ಲುವ ನೀರನ್ನು ಮಾತ್ರ, ಉಪ್ಪಿನಂಶ ಜಾಸ್ತಿ, ಎಲೆಯ ಅಂಚು ಸುಡುತ್ತದೆ ಎಂದು ಪಾಯಿಖಾನೆಗೆ ವರ್ಗ ಮಾಡಿದರು. ಮನುಷ್ಯನಿಗೆ ತಿಳಿವಳಿಕೆಯೇನೋ ಇದೆ, ಅದನ್ನು ಒಪ್ಪಬೇಕು. ಕೊನೆಗೊಂದು ದಿನ ಟ್ಯಾಂಕರ್ ತರಿಸುವ ಮಾತು ಎತ್ತಿದರು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1000 ರೂಪಾಯಿ ಎಂದು ಸರ್ಕಾರವೇ ದರ ಗೊತ್ತು ಮಾಡಿದೆಯಲ್ಲ ಎಂಬುದು ಅವರ ಆಧಾರ. “ಆ ದುಡ್ಡಿಗೆ ಹಾಪ್‌ಕಾಮ್ಸ್‌ನಲ್ಲಿ ಎಷ್ಟು ಬೆಂಡೆಕಾಯಿ ಬರುತ್ತೆ, ಲೆಕ್ಕ ಹಾಕಿ ಹೇಳಿ, ಅಕೌಂಟ್ಸ್‌ನವರಲ್ವೇ” ಎಂದರು ಹೆಂಡತಿ. ಕಡತ ಅಲ್ಲಿಗೆ ಮುಕ್ತಾಯ.

ತಾರಸಿ ಹತ್ತಿದರೆ ಸರ್ಕಾರಿ ಆಸ್ಪತ್ರೆಯ ವಾರ್ಡು ಹೊಕ್ಕಂತೆ. ಗಿಡಗಿಡಕ್ಕೂ ಕೋಲು ನೆಟ್ಟು ಸಲೈನ್ ಬಾಟಲಿ ತೂಗುಹಾಕಿದ್ದಾರೆ, ತೊಟ್ಟುತೊಟ್ಟಾಗಿ ಅಕ್ಕಿ ತೊಳೆದ ನೀರು ಇಳಿಯುತ್ತಿರುತ್ತದೆ. ಬುಡಕ್ಕೆ ಒಣಗಿದೆಲೆ, ತೆಂಗಿನ ನಾರಿನ ಹೊದಿಕೆ. ಶೇಡ್‌ನೆಟ್ ಸಾಲದ ಕಡೆ ಹೆಂಡತಿಯ ಹಳೆ ಸೀರೆ, ಅದೂ ಸಾಲದಿದ್ದರೆ ಅವರದೇ ಪಂಚೆ. ಬೆಳಗಿನ ಆರು ಗಂಟೆಗೆ ರೌಂಡ್ಸ್ ಶುರು. ಮಣ್ಣಿಗೆ ಬೆರಳನ್ನು ಎರಡು ಗೆಣ್ಣು ಇಳಿಸಿ ತೇವ ನೋಡುವುದು, ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆಯನ್ನು ಹತ್ತಿಯಿಂದ ಒರೆಸಿ ಬೇವಿನೆಣ್ಣೆ ಸಿಂಪಡಿಸುವುದು. “ನಂಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಪಕ್ಕದ ಮನೆಯವರು” ಎಂದು ಆಕೆ ಮೆಟ್ಟಿಲ ಬುಡದಿಂದಲೇ ನೆನಪಿಸುತ್ತಾರೆ.

ಆ ವರ್ಷದ ಏಪ್ರಿಲ್ 28ಕ್ಕೆ ಊರಿನ ಬಿಸಿಲು 38.5 ಡಿಗ್ರಿ ಮುಟ್ಟಿತು. ಟೊಮೆಟೊ ಹೂಗಳೆಲ್ಲ ಉದುರಿದವು. ಅಷ್ಟು ಧಗೆಯಲ್ಲಿ ಪರಾಗ ಕೆಡುತ್ತದೆ, ಹೂವು ಕಾಯಿ ಕಚ್ಚುವುದಿಲ್ಲ. ಯಾರ ಗಿಡವಾದರೂ ಅಷ್ಟೆ. ರಾಯರು ಮಾತ್ರ ಪಕ್ಕದ ಮನೆಯ ಎ.ಸಿ.ಯ ಬಿಸಿಗಾಳಿಯೇ ಕಾರಣವೆಂದು ಅವರಿಗೆ ಕಾಗದ ಬರೆದು ಕೊಟ್ಟರು. ಅದೇ ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟವರೂ ಇವರೇ. ಎ.ಸಿ. ನಿಲ್ಲಿಸಬೇಕೋ, ರಾತ್ರಿಯಿಡೀ ಓಡಿಸಬೇಕೋ ಎಂದು ಆ ಮನೆಯವರಿಗೆ ಇನ್ನೂ ತಿಳಿದಿಲ್ಲ.

ಟೊಮೆಟೊ ಮಾತು ಬಂದರೆ ರಾಯರು 2023ರ ಜುಲೈಗೆ ಹೋಗಿಬಿಡುತ್ತಾರೆ. “ಆಗ ಕೆ.ಜಿ.ಗೆ ನೂರು ದಾಟಿತ್ತಲ್ಲ ಸ್ವಾಮಿ, ನಮ್ಮನೆಗೆ ಒಂದು ಹಣ್ಣೂ ಕೊಂಡು ತಂದಿಲ್ಲ!”

“ಹೌದು, ತಿಂಗಳು ಪೂರ್ತಿ ಹುಣಸೆಹಣ್ಣಿನ ಸಾರು” ಎಂದು ಒಳಗಿನಿಂದ ಧ್ವನಿ ಬರುತ್ತದೆ.

ಮಲ್ಲಿಗೆಯ ಕಥೆ ಇನ್ನೂ ಕಷ್ಟದ್ದು. ಅದು ಬಿರಿಯುವುದೇ ಬೇಸಿಗೆಯಲ್ಲಿ. ಕುಂಡದ ತುಂಬ ಮೊಗ್ಗು. ಕೀಳಲು ರಾಯರು ಬಿಡುವುದಿಲ್ಲ. ಫೋಟೋ ತೆಗೆಯಬೇಕು, ಅಮೆರಿಕದ ಮಗಳಿಗೆ ಕಳಿಸಬೇಕು, ಅವಳು ಹೆಬ್ಬೆರಳು ಎತ್ತಿದ ಮೇಲೆ ಮುಂದಿನ ಮಾತು. ಅಷ್ಟರಲ್ಲಿ ಹೂ ಬಾಡಿರುತ್ತದೆ. ಹೀಗಾಗಿ ತಲೆಯ ಮೇಲೆ ಮಲ್ಲಿಗೆ ತೋಟವಿರುವ ಆಕೆ ದೇವರಿಗೂ ಮುಡಿಗೂ ಬೀದಿಯಲ್ಲಿ ಮೊಳದ ಲೆಕ್ಕದಲ್ಲಿ ಹೂ ಕೊಳ್ಳುತ್ತಾರೆ.

ಬೇಸಿಗೆಯೆಂದರೆ ಮದುವೆಗಳ ಕಾಲವೂ ಹೌದು. ರಾಯರು ಧಾರೆಗೆ ಬರುತ್ತಾರೆ, ಊಟದ ಎರಡನೇ ಪಂಕ್ತಿಗೂ ನಿಲ್ಲುವುದಿಲ್ಲ, “ಗಿಡಗಳು ಕಾಯ್ತಿವೆ” ಎಂದು ಹೊರಡುತ್ತಾರೆ. ಹೊರಡುವಾಗ ತಾಂಬೂಲದ ಚೀಲದ ಜೊತೆಗೆ, ಮಂಟಪದ ಬಾಡಿದ ಹೂವನ್ನೆಲ್ಲ ಗೊಬ್ಬರಕ್ಕೆಂದು ಮೂಟೆ ಕಟ್ಟಿಸಿಕೊಳ್ಳುತ್ತಾರೆ. ಪರಊರಿನ ಮದುವೆಯಾದರೆ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. ಆಗ ತೋಟ ನೋಡಿಕೊಳ್ಳಲು ಬೀದಿಯಲ್ಲೊಬ್ಬ ಬಕರಾ ಬೇಕು. ಅವನಿಗೆ ಬೀಗದ ಕೈ, ಜೊತೆಗೆ ಫುಲ್‌ಸ್ಕೇಪ್ ಹಾಳೆಯ ಎರಡೂ ಬದಿ ಸೂಚನೆಗಳು: ಯಾವ ಗಿಡಕ್ಕೆ ಎಷ್ಟು ಚೊಂಬು, ಯಾವುದಕ್ಕೆ ಬೇಳೆ ನೀರು, ಯಾವುದಕ್ಕೆ ಪಾತ್ರೆ ತೊಳೆದದ್ದು. ಊರಿನಿಂದ ದಿನಕ್ಕೆರಡು ಸಲ ವಿಡಿಯೋ ಕಾಲ್. “ಆ ಮೂಲೇದು ಯಾಕೆ ತಲೆ ಬಗ್ಗಿಸಿದೆ? ನೀವು ಬೈದ್ರಾ?”

ಆ ಬಕರಾನನ್ನು ಅವರು ಹಿಡಿಯುವ ಬಗೆಯೂ ನನಗೆ ಈಗ ಗೊತ್ತಾಗಿದೆ. ಫೆಬ್ರವರಿ ಕೊನೆಗೆ ಬಾಗಿಲು ತಟ್ಟಿ, “ನಮ್ಮನೇಲಿ ಬಿಟ್ಟಿದ್ದು, ಔಷಧಿ ಹೊಡೆದಿಲ್ಲ” ಎಂದು ಎರಡು ಬದನೆಕಾಯಿ ಕೈಗಿಡುತ್ತಾರೆ. ಓದುಗರೇ, ನಿಮ್ಮ ಬಾಗಿಲಿಗೂ ಹೀಗೆ ಬದನೆಕಾಯಿ ಬಂದರೆ, ಕೈ ಚಾಚುವ ಮೊದಲು ಅವರ ಬಳಗದಲ್ಲಿ ಏಪ್ರಿಲ್-ಮೇನಲ್ಲಿ ಯಾರದಾದರೂ ಮದುವೆ ಇದೆಯೇ ಎಂದು ದಯವಿಟ್ಟು ವಿಚಾರಿಸಿಕೊಳ್ಳಿ.