ಹನ್ನೆರಡು ಬೋರಿನ ಅರ್ಜಿ

ಮುಧೋಳ–ಬೀಳಗಿ ಸೀಮೆಯಲ್ಲಿ ಕಬ್ಬು ಹಚ್ಚಿದವನಿಗೆ ಎರಡು ಗ್ಯಾಂಗುಗಳ ಚಿಂತೆ. ಒಂದು ಕಬ್ಬು ಕಡಿಯುವ ಗ್ಯಾಂಗು. ಎಷ್ಟು ಫೋನ್ ಹಚ್ಚಿದರೂ, ಎಷ್ಟು ಮುಂಗಡ ಕೊಟ್ಟರೂ ‘ನಾಳೆ ಬರ್ತೀವ್ರಿ’ ಅನ್ನುತ್ತದೆ. ಇನ್ನೊಂದು ಕಾಡುಹಂದಿಗಳ ಗ್ಯಾಂಗು. ಅದಕ್ಕೆ ಫೋನೂ ಬೇಡ, ಮುಂಗಡವೂ ಬೇಡ, ರಾತ್ರಿಪಾಳಿಯೆಂದರೆ ಬೇಸರವೂ ಇಲ್ಲ. ಒಂದು ಕಬ್ಬು ತಿನ್ನಲು ಹತ್ತು ಕಬ್ಬು ಕೆಡವುತ್ತದೆ. ಬದಿಯ ಪಟ್ಟಿಯಲ್ಲಿ ಗೋವಿನಜೋಳ ಇದೆಯಲ್ಲ, ಅದರ ಹಗಲುಪಾಳಿ ನವಿಲುಗಳದು.

ಬಂದೂಕು ಕೊಳ್ಳುವ ಹುಚ್ಚು ಹತ್ತಿಸಿದವನು ನನ್ನ ಹೆಂಡತಿಯ ಅಣ್ಣನ ಮಗ. ಬನಹಟ್ಟಿಯ ಹುಡುಗ, ಈಗ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ವಸಂತದಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಲೈಸೆನ್ಸ್ ಕೊಡುತ್ತಾರಂತೆ. ಇಲ್ಲಿದ್ದಾಗ ಹಲ್ಲಿ ಕಂಡರೆ ಮಂಚ ಏರುತ್ತಿದ್ದವನು ಅಲ್ಲಿ ಒಂದು ಟರ್ಕಿಯ ಕಾಲು ಹಿಡಿದು ನಿಂತ ಫೋಟೋ ಕಳಿಸಿದ. ಫೋಟೋ ನೋಡಿ ನನ್ನಾಕೆ, “ಅಯ್ಯ ಶಿವನ! ಬಣ್ಣಾ ಹೋದ ನವಿಲ ಇದ್ದಂಗ ಐತಲ್ರೀ” ಅಂದಳು. ಅವಳ ಮಾತು ತೀರ ಸುಳ್ಳಲ್ಲ. ಟರ್ಕಿ, ನವಿಲು, ನಮ್ಮ ಹಿತ್ತಲಿನ ಜವಾರಿ ಕೋಳಿ ಎಲ್ಲ ಒಂದೇ ಕುಟುಂಬದ ಹಕ್ಕಿಗಳು.

“ಮಾಮಾ, ತುಟ್ಟೀದು ಬ್ಯಾಡ್ರಿ” ಎಂದ ಅವನು. “ಮಾವೆರಿಕ್ 88 ತಗೋರಿ. ಪಂಪ್ ಆ್ಯಕ್ಷನ್, ಹನ್ನೆರಡು ಬೋರು. ನಳಿಗೆ ಬಾಯಿಗೆ ಫುಲ್ ಚೋಕ್. ಚರೆ ಐದನೇ ನಂಬರು.” ಚೋಕ್ ಅಂದರೆ ನಳಿಗೆಯ ಬಾಯನ್ನು ತುಸು ಕಿರಿದು ಮಾಡುವುದು. ಆಗ ಚರೆ ಚದುರದೆ ನಲವತ್ತು ಗಜದವರೆಗೂ ಗುಂಪಾಗಿ ಹೋಗುತ್ತವೆ. ಟರ್ಕಿಯ ಮೈಗೆ ದಪ್ಪ ಪುಕ್ಕದ ಕವಚವಿರುವುದರಿಂದ ಗುರಿ ತಲೆ–ಕುತ್ತಿಗೆಗೆ ಇಡಬೇಕು, ಅದಕ್ಕೇ ಚೋಕ್. ಹನ್ನೆರಡು ಬೋರಿನ ಲೆಕ್ಕವೂ ಸ್ವಾರಸ್ಯವಾಗಿದೆ: ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವಷ್ಟು ನಳಿಗೆ. ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳುವಾಗಲೇ ನನ್ನ ಮೀಸೆ ಎರಡೂ ಕಡೆ ಒಂದೊಂದು ನೂಲು ಮೇಲೆದ್ದಿದ್ದನ್ನು ಕನ್ನಡಿಯಲ್ಲಿ ಕಂಡೆ.

ಬಂದೂಕಿನ ಅಂಗಡಿಗೆ ಹೋದರೆ, ಬಜೆಟ್ ಎಷ್ಟು ಅಂತ ಕೇಳಿಯಾರು, ಚೌಕಾಶಿ ಮಾಡೋಣ ಎಂದು ಸಜ್ಜಾಗಿದ್ದೆ. ಅಂಗಡಿಯವರು ಕೇಳಿದ್ದು ಒಂದೇ: “ಲೈಸೆನ್ಸ್ ತಂದೀರೇನ್ರಿ?”

“ಮೊದಲ ಬಂದೂಕು ಆರಿಸ್ತೀನಿ, ಆಮ್ಯಾಲ ಲೈಸೆನ್ಸ್...”

“ಹಂಗಾದ್ರ ಕಾಜಿನ ಹೊರಗಿಂದ ನೋಡ್ರಿ. ನೋಡಾಕ ಲೈಸೆನ್ಸ್ ಬೇಕಿಲ್ಲ.”

ನೋಡಿದೆ. ಒಂಟಿ ನಳಿಗೆಯದು ಅಗ್ಗ, ಜೋಡಿ ನಳಿಗೆಯದು ತುಟ್ಟಿ. ಪಂಪ್ ಆ್ಯಕ್ಷನ್ ಕೇಳಿದ್ದಕ್ಕೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಂದಿಗೋ, ಯುದ್ಧಕ್ಕೋ?” ಎಂದರು. ಒಂಟಿ ನಳಿಗೆಯ ಮೇಲೆ ಮನಸ್ಸು ಇಟ್ಟು ಊರಿಗೆ ಬಂದೆ. ಜಮಖಂಡಿಯ ಗೆಳೆಯನೊಬ್ಬನ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಇದೆ. “ಐತಿ ಅಂತ ಹೇಳಬೇಕಷ್ಟ” ಎಂದ ಅವನು. ಚುನಾವಣೆ ಘೋಷಣೆಯಾದ ಕೂಡಲೇ ಬಂದೂಕು ಠಾಣೆಗೆ ಒಪ್ಪಿಸಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಒಂದರ ಹಿಂದೆ ಒಂದು ಬಂದು, ಅದು ತವರಿಗೆ ಬರುವ ಮಗಳ ಹಾಗೆ ವರ್ಷಕ್ಕೊಮ್ಮೆ ಮನೆಗೆ ಬಂದು ಎಣ್ಣೆ ಹಚ್ಚಿಸಿಕೊಂಡು ಹೋಗುತ್ತದಂತೆ.

ಆದರೂ ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ನಮೂನೆ, ಫೋಟೋ, ಪಹಣಿ, ಡಾಕ್ಟರ ಸರ್ಟಿಫಿಕೇಟು, ಬಂದೂಕು ತರಬೇತಿ. ಇಷ್ಟು ಕಾಗದದ ಭಾರಕ್ಕೇ ಒಂದು ಹಂದಿ ಸಾಯಬಹುದಿತ್ತು. ಕಟ್ಟೆಯ ಮೇಲೆ ಯಾರೋ “ಮಾಸ್ತರ, ನಿಮಗ್ಯಾಕ ಬಂದೂಕು?” ಅಂದಾಗ ನನ್ನೊಳಗಿನ ನಿವೃತ್ತ ಮಾಸ್ತರ ಎದ್ದು ಕೂತ. ಇದೇ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಿ ಎಂದ ಕಾಯ್ದೆಗೆ ‘ಆಗೋದಿಲ್ಲ’ ಅಂದವರು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ಊರಿಗೇ ಬೆಂಕಿ ಬಿತ್ತು, 19 ಮಂದಿ ಗಲ್ಲಿಗೇರಿದರು. ನಾಲ್ಕು ವರ್ಷ ಕಳೆದು 1861ರಲ್ಲಿ ಅದೇ ಬ್ರಿಟಿಷರು ಕೊಡವರಿಗೆ ಬಂದೂಕಿನ ವಿನಾಯಿತಿ ಕೊಟ್ಟರು, ಅದು ಇವತ್ತಿಗೂ ಇದೆ. ಕೊಡಗಿಗೊಂದು ನ್ಯಾಯ, ಹಲಗಲಿಗೊಂದು ನ್ಯಾಯವೇ ಎಂದು ಕಟ್ಟೆ ಕುಟ್ಟಿದೆ. ಕೈಗೆ ಪೆಟ್ಟಾಯಿತು. “ಖರೆ ಐತ್ರಿ ಸರ. ಆದ್ರ ಅವರು ಬ್ರಿಟಿಷರ ಜೋಡಿ ಕಾದಿದ್ರು, ನಿಮ್ಮದು ಹಂದಿ” ಎಂದ ಒಬ್ಬ ಹಳೆಯ ವಿದ್ಯಾರ್ಥಿ. ಪಾಠ ಹೇಳಿದ್ದು ನಾನೇ, ಹಾಗಾಗಿ ಬೈಯುವಂತಿರಲಿಲ್ಲ.

ಅರ್ಜಿಯ ಸುದ್ದಿ ಹರಡಿದ ವಾರದಲ್ಲಿ ಒಂದು ವಿಚಿತ್ರ ನಡೆಯಿತು. ನಮ್ಮ ಕಾಕಾನ ಮಗನಿಗೂ ನನಗೂ ಬದುವಿನ ತಕರಾರು ಹಳೆಯದು. ಪ್ರತಿ ಮುಂಗಾರಿಗೂ ಬಾಂದುಗಲ್ಲು ತಾನಾಗಿಯೇ ನಮ್ಮ ಕಡೆಗೆ ಗೇಣು ಗೇಣು ತೆವಳುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಕಲ್ಲು ಎರಡು ಹೆಜ್ಜೆ ಹಿಂದಕ್ಕೆ, ಅವನ ಹೊಲದೊಳಗೆ ಹೋಗಿ ನಿಂತಿದೆ! ಬುಡದಲ್ಲಿ ಹಸಿ ಮಣ್ಣು. ಸಂಜೆ ಅವನೇ ಎದುರಾಗಿ, ವರ್ಷಗಳ ಮೇಲೆ ಬಾಯಿ ಬಿಟ್ಟು, “ಅಣ್ಣಾ, ಆರಾಮಿದ್ದೀ? ಬಂದೂಕು ಹಂದಿಗೇ ಅಲ್ಲೇನು?” ಎಂದ. ನಾನು ಉತ್ತರ ಕೊಡದೆ ಮೀಸೆ ತೀಡಿದೆ. ಜೀವನದಲ್ಲಿ ಅಷ್ಟು ಹಿತವಾಗಿ ಸುಮ್ಮನಿದ್ದದ್ದು ನೆನಪಿಲ್ಲ.

ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋದಾಗ ಮಾತ್ರ ಈ ಮೀಸೆ ಇಳಿಯಿತು. ಬೋರಲು ಮಲಗಿ ಗುರಿ ಹಿಡಿಯಬೇಕು. ನನ್ನ ಹೊಟ್ಟೆ ನೆಲಕ್ಕೆ ತಾಗಿದರೆ ಎದೆ ಮೇಲೆದ್ದು ನಿಲ್ಲುತ್ತಿತ್ತು, ಎದೆ ತಾಗಿಸಿದರೆ ಕಾಲು. ಎಡಗಣ್ಣು ಮುಚ್ಚಿ ಎಂದರೆ ಎರಡೂ ಮುಚ್ಚುತ್ತಿದ್ದವು. ಕೊನೆಗೆ ಪಕ್ಕದವರೊಬ್ಬರು ನನ್ನ ಎಡಗಣ್ಣಿನ ಮೇಲೆ ಕರವಸ್ತ್ರ ಕಟ್ಟಿದರು. ಎರಡು ಪವರಿನ ಚಸ್ಮಾದ ಮೇಲಿನ ಅರ್ಧದಲ್ಲಿ ಗುರಿ ಕಾಣುತ್ತದೆ, ಬಂದೂಕಿನ ಮುಂಗುರಿ ಕಾಣುವುದಿಲ್ಲ. ಕೆಳಗಿನ ಅರ್ಧದಲ್ಲಿ ಮುಂಗುರಿ ಕಾಣುತ್ತದೆ, ಜಗತ್ತು ಕಾಣುವುದಿಲ್ಲ. ಹೊಡೆದದ್ದಂತೂ ಹೊಡೆದೆ. ಗುರಿಯ ಕಾಗದ ತಂದಾಗ ನನ್ನದು ಅಂಗಡಿಯಿಂದ ತಂದ ಹಾಗೇ ಇತ್ತು. ಪಕ್ಕದ ಗುರಿಯಲ್ಲಿ ಅವರಿಗೆ ಕೊಟ್ಟ ಗುಂಡಿಗಿಂತ ಹೆಚ್ಚು ತೂತು! ಅವರು ನನ್ನ ಕೈ ಕುಲುಕಿ ಧನ್ಯವಾದ ಹೇಳಿದರು.

ಇಷ್ಟಾದರೂ ಆಸೆ ಸತ್ತಿರಲಿಲ್ಲ. ಅದನ್ನು ಮುಗಿಸಿದ್ದು ಒಂದು ಜಿಂಕೆ. ಬೀಳಗಿ–ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, ಸುಮಾರು 96 ಚದರ ಕಿಲೋಮೀಟರ್. ಕುರುಚಲು ಗುಡ್ಡ, ಅಲ್ಲಲ್ಲಿ ಚಿಂಕಾರ. ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸದಾಗಿ ಬಂದೂಕಿನ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕೆಂದು 1972ರ ವನ್ಯಜೀವಿ ಕಾಯ್ದೆ ಹೇಳುತ್ತದೆ. ನನ್ನ ಹೊಲ ಆ ಸುತ್ತಿನ ಒಳಗೇ ಬಿತ್ತು. ತಿಳಿದ ಅಧಿಕಾರಿಯೊಬ್ಬರು ನಕ್ಕು, “ಬಂದೂಕು ಸಿಕ್ಕರೂ ಏನ್ ಮಾಡ್ತೀರಿ ಸರ? ನವಿಲು ಮೊದಲನೇ ಪರಿಚ್ಛೇದ, ಹಂದಿ ಎರಡನೇದು. ಅನುಮತಿ ಇಲ್ಲದ ಹೊಡೆದ್ರ ನೀವು ಒಳಗ” ಎಂದರು. ಅಂದರೆ ಬಂದೂಕು ಹಿಡಿದು ಹಂದಿಗೆ ತೋರಿಸಬಹುದು. ತೋರಿಸುವುದಕ್ಕಾದರೆ ಒಂಟಿ ನಳಿಗೆಯೂ ದುಬಾರಿಯೇ.

ಮುಧೋಳದವನಿಗೆ ನಾಯಿ ಇರುವಾಗ ಬಂದೂಕೇಕೆ ಎಂದು ನಂತರ ಹೊಳೆಯಿತು. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಐದನೇ ಜಾರ್ಜ್‌ಗೆ ಕೊಟ್ಟ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಸೈನ್ಯಕ್ಕೂ ಹೋದ ತಳಿ. ಒಂದು ಮರಿ ತಂದು ಟೈಗರ್ ಎಂದು ಹೆಸರಿಟ್ಟೆ. ಅದು ಬೆಳೆದು ಬಾಣದ ಹಾಗಾಯಿತು. ಆದರೆ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಬಯಲಲ್ಲಿ ಮೊಲ ಕಂಡರೆ ಬಿಡುವುದಿಲ್ಲ. ಆಳೆತ್ತರ ದಾಟಿದ ಕಬ್ಬಿನಲ್ಲಿ ಏನು ಕಂಡೀತು? ಒಳಗೆ ಹಂದಿ ಕಬ್ಬು ಮುರಿಯುವ ಸಪ್ಪಳಕ್ಕೆ ಒಂದು ಕಿವಿ ಎತ್ತಿ, ಕಾಣದ್ದು ನನಗೇಕೆ ಎಂಬಂತೆ ನನ್ನ ಹೊರಸಿನ ಮೇಲೆ ಮಲಗಿತು. ತೋಟದಾಚೆಯ ಮನೆಯವರು ಸಾಕಿದ ಟರ್ಕಿ ಕೋಳಿಯೊಂದು ಒಮ್ಮೆ ಕೆಂಪು ಗಂಟಲು ಅಲ್ಲಾಡಿಸುತ್ತ ಅಟ್ಟಿಸಿಕೊಂಡು ಬಂದಾಗ ಮಾತ್ರ ಅದರ ವೇಗ ನೋಡಲು ಸಿಕ್ಕಿತು. ನನ್ನದೂ ಕಡಿಮೆಯಿರಲಿಲ್ಲ. ಟೆಕ್ಸಾಸಿಗೆ ಈ ಸುದ್ದಿ ಹೇಳಲಿಲ್ಲ.

ಕೊನೆಗೆ ಉಳಿದದ್ದು ಸೀರೆ. ಹೊಲದ ಸುತ್ತ ಹಳೆ ಸೀರೆ ಕಟ್ಟಿದರೆ ಹಂದಿ ಬೆದರುತ್ತದೆಂದು ಎಲ್ಲರೂ ಕಟ್ಟುತ್ತಾರೆ. ಮನೆಯ ಟ್ರಂಕಿಗೆ ಕೈಹಾಕುವ ಧೈರ್ಯ ನನಗೆ ಬಂದೂಕಿದ್ದರೂ ಬರುತ್ತಿರಲಿಲ್ಲ. ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಸೀರೆಗೇನು ಬರ? ಹೋಗಿ, ಸೋವಿಯಲ್ಲಿ ಡ್ಯಾಮೇಜ್ ಮಾಲು ಕೊಡಿ ಎಂದೆ.

“ಯಾರಿಗ್ರಿ? ವಯಸ್ಸಿನವರಿಗೋ, ಹುಡುಗ್ಯಾರಿಗೋ?”

“ಹಂದಿಗೆ.”

ಅವರು ಮಿಸುಕಲಿಲ್ಲ. “ಹಂಗಾದ್ರ ದಡಿ ದೊಡ್ಡದು ಇರಲ್ರಿ, ದೂರಿಂದ ಕಾಣಸ್ತೈತಿ” ಎಂದು ಕಟ್ಟು ಬಿಚ್ಚಿದರು. ಬಂದೂಕಿನ ಅಂಗಡಿಯಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಕ್ಕಿತು.

ಸೀರೆ ಕಟ್ಟಿದ ಮರುದಿನದಿಂದ ಊರ ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತು ದಡಿ ಮುಟ್ಟಿ ಮುಟ್ಟಿ ನೋಡತೊಡಗಿದರು. ಎರಡು ಕಾಣೆಯಾದವು, ಎರಡೂ ಒಳ್ಳೆಯವೇ. ಹಂದಿಗಳು ಒಂದು ವಾರ ದೂರ ನಿಂತು ಯೋಚಿಸಿ, ಎಂಟನೇ ರಾತ್ರಿ ಅದೇ ಸಂದಿಯಿಂದ ಒಳಗೆ ಬಂದವು.

ಮೊನ್ನೆ ಕಾಕಾನ ಮಗ ಸಿಕ್ಕಿದ್ದ. ನನ್ನ ಅರ್ಜಿಯ ಗತಿ ಅವನಿಗೆ ಇನ್ನೂ ಗೊತ್ತಿಲ್ಲ. ಅವನ ಹೊಲ ಇನ್ನೊಂದು ದಿಕ್ಕಿಗೂ ಇದೆ, ಅದು 10 ಕಿಲೋಮೀಟರಿನ ಆಚೆ. “ಅಣ್ಣಾ, ನೋಡಿ ನೋಡಿ ನನಗೂ ಆಸೆ ಆತು. ನಾನೂ ಬಂದೂಕಿಗೆ ಅರ್ಜಿ ಹಾಕೇನಿ” ಎಂದ. ಅವನ ಕಣ್ಣು ನೆಟ್ಟಗಿದೆ, ಚಸ್ಮಾ ಇಲ್ಲ, ಹೊಟ್ಟೆಯೂ ಇಲ್ಲ. ಅವತ್ತು ರಾತ್ರಿ ಟೈಗರನನ್ನು ಕಾವಲಿಗೆ ಕೂರಿಸಿ, ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು, ಹಾರೆ ಹಾಕಿ ಬಾಂದುಗಲ್ಲನ್ನು ಎರಡು ಹೆಜ್ಜೆ ನಮ್ಮ ಕಡೆಗೆ ನಾನೇ ಸರಿಸಿದೆ.