ತಪಾಸಣೆ ಸಾಹೇಬರಿಗೆ, ಮೂರನೇ ಮಹಡಿಯಿಂದ

ಮಾನ್ಯ ಮನೆ ತಪಾಸಣೆ ಅಧಿಕಾರಿಗಳೇ,

ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಬಾಯಿಮಾತಿಗೆ. ಎಂಟು ಅಂಗಗಳನ್ನೂ ಚಾಚಿ ಮಲಗುವಷ್ಟು ಜಾಗವನ್ನು ನಿಮ್ಮ ಎಂಜಿನಿಯರು ನಮ್ಮ ಹಾಲಿನಲ್ಲಿ ಬಿಟ್ಟಿಲ್ಲ. ನಮ್ಮ ಮನೆಗೆಂದು ಸರ್ಕಾರ ಗೊತ್ತುಮಾಡಿದ ಅಳತೆ 25 ಚದರ ಮೀಟರು, ಅಂದರೆ ಹೆಚ್ಚೂಕಡಿಮೆ 270 ಚದರಡಿ. ಅದರಲ್ಲೇ ಹಾಲು, ರೂಮು, ಅಡುಗೆಮನೆ, ಬಚ್ಚಲು, ದೇವರು, ನನ್ನ ಹೊಲಿಗೆ ಮಷೀನು ಮತ್ತು ಐದು ಜನ. ಇಷ್ಟನ್ನು ನೋಡಿ ಮುಗಿಸಲು ತಮಗೆ ಅಷ್ಟೊಂದು ಹೊತ್ತು ಹೇಗೆ ಹಿಡಿಯಿತು ಎಂಬುದು ನಮ್ಮ ಬ್ಲಾಕಿನವರಿಗೆಲ್ಲ ಇನ್ನೂ ಸೋಜಿಗ.

ತಾವು ಬಾಗಿಲು ತಟ್ಟಿದಿರಿ, ಅದನ್ನು ಒಪ್ಪಿಕೊಳ್ಳಲೇಬೇಕು. ತಟ್ಟಿದ್ದು ಒಳಗೆ ಬಂದ ಮೇಲೆ ಎಂಬುದಷ್ಟೇ ನನ್ನ ಸಣ್ಣ ತಕರಾರು. ನೀರು ಬಿಡುವ ಹೊತ್ತು, ಕೊಡ ತುಂಬಿಸಲು ಓಡಾಡುತ್ತಿದ್ದೆವು, ಬಾಗಿಲು ತೆರೆದೇ ಇತ್ತು. ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು ಕಿತ್ತುಬಂದು ವರ್ಷಗಳಾದವು. ಅರ್ಜಿ ಕೊಟ್ಟಿದ್ದೇವೆ, ಅರ್ಜಿ ತಮ್ಮ ಕಚೇರಿಯಲ್ಲೇ ಎಲ್ಲೋ ಸುಖವಾಗಿದೆ. ಅಲ್ಲಿಯವರೆಗೆ ಇರಲಿ ಎಂದು ಹಳೇ ಸೀರೆಯೊಂದನ್ನು ಇಳಿಬಿಟ್ಟಿದ್ದೇನೆ. ತಮ್ಮ ಜೊತೆ ಪಟ್ಟಿ ಹಿಡಿದುಕೊಂಡು ಬಂದ ಹುಡುಗ ಆ ಸೀರೆಯನ್ನೂ ಸರಿಸಿ ನೋಡುವವನಿದ್ದ. ಒಳಗಿದ್ದ ಸೊಸೆ ಒಂದು ಚೆಂಬು ಬಿಸಿನೀರು ಎರಚಿದಳು. ಸರ್ಕಾರಿ ಕಾಗದ ಒದ್ದೆಯಾಗಿದ್ದರೆ ಕ್ಷಮೆ ಇರಲಿ.

ಆಮೇಲೆ ಹೊಸಿಲ ಹೊರಗಿನ ಚಪ್ಪಲಿ ಎಣಿಸಿದಿರಿ. ಕಾರ್ಡಿನಲ್ಲಿ ಐದು ಹೆಸರು, ಹೊರಗೆ ಎಂಟು ಜೊತೆ. ತಮ್ಮ ಮುಖ ಅರಳಿದ್ದನ್ನು ನಾನು ನೋಡಿದೆ. ಸ್ವಾಮೀ, ಅದರಲ್ಲೊಂದು ಜೊತೆ ನಮ್ಮತ್ತೆ ಬಚ್ಚಲಿಗೆಂದೇ ಇಟ್ಟುಕೊಂಡ ಹವಾಯಿ. ಮತ್ತೊಂದು ಜೊತೆ ಬಾರು ಕಿತ್ತದ್ದು, ಹೊಲಿಸಲು ಹೊತ್ತಾಗಿಲ್ಲ. ಇನ್ನೊಂದು ಮಗನ ಸೆಕ್ಯುರಿಟಿ ಡ್ಯೂಟಿಯ ಬೂಟು, ಅದು ಕಂಪನಿಯದು, ನಾವು ಒಳಗಿಡುವುದೂ ಇಲ್ಲ. ಇಷ್ಟನ್ನೂ ಹೇಳಿದೆ. ತಾವು ‘ಹೊರಗಿನವರ ವಾಸದ ಶಂಕೆ’ ಎಂದು ಬರೆದುಕೊಂಡಿರಿ. ಶಂಕೆಗೂ ಒಂದು ಕಾಲಮ್ಮು ಇರುವ ಫಾರಂ ಅದೇ ಮೊದಲು ನೋಡಿದ್ದು.

‘ಯಜಮಾನ್ರು ಎಲ್ಲಮ್ಮಾ?’ ಎಂದಿರಿ. ಮನೆ ನನ್ನ ಹೆಸರಿನಲ್ಲಿದೆ, ಯಜಮಾನಿ ನಾನೇ ಎಂದೆ. ‘ಅದು ಸರಿ, ಗಂಡ?’ ಎಂದಿರಿ. ಅವರು ಮನೆಬಿಟ್ಟು ಹೋದ ಕಥೆಯನ್ನು ಸೊಸೆಯ ಮುಂದೆ ನಾನು ಇದುವರೆಗೆ ಪೂರ್ತಿ ಹೇಳಿರಲಿಲ್ಲ. ತಮ್ಮ ದಯೆಯಿಂದ ಅವತ್ತು ಹೇಳಿದಂತಾಯಿತು. ಮೆಟ್ಟಿಲ ಮೇಲೆ ನಿಂತಿದ್ದ ಎದುರು ಮನೆಯವರಿಗೂ ಕೇಳಿಸಿತು. ಅವರು ಆಗಾಗ ಕೇಳುತ್ತಿದ್ದರು, ಅವರ ಕುತೂಹಲವೂ ತಣಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ತಾವು ಹೊಲಿಗೆ ಮಷೀನಿನ ಮೇಲಿದ್ದ ನನ್ನ ಅಳತೆ ಪುಸ್ತಕ ತೆಗೆದಿರಿ. ಇನ್ನೂರು ಪೇಜಿನ ರೂಲ್ಡ್ ನೋಟ್‌ಬುಕ್ಕು. ಈ ಬಡಾವಣೆಯ ಅರ್ಧಕ್ಕರ್ಧ ಹೆಂಗಸರ ಎದೆ, ಸೊಂಟ, ತೋಳಿನ ಸುತ್ತು ಅದರಲ್ಲಿದೆ. ಯಾರು ಬಸುರಿಯಾಗಿ ಹೊಲಿಗೆ ಬಿಚ್ಚಿಸಿಕೊಂಡರು, ಯಾರು ಕಾಯಿಲೆಯಿಂದ ಇಳಿದುಹೋಗಿ ಹಿಡಿಸಿಕೊಂಡರು, ಎಲ್ಲವೂ ಪೆನ್ಸಿಲಿನಲ್ಲಿದೆ. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಿದವಳಲ್ಲ ನಾನು. ‘ನನ್ನ ಹೆಂಡತಿಯ ಅಳತೆ ಹೇಳಮ್ಮ, ರೆಡಿಮೇಡ್ ತಗೋಬೇಕು’ ಎಂದು ಬಂದ ಗಂಡನನ್ನೂ, ಅವಳನ್ನೇ ಕಳಿಸಿ ಎಂದು ವಾಪಸು ಕಳಿಸಿದ್ದೇನೆ. ತಾವು ಅದನ್ನು ಮಧ್ಯಕ್ಕೆ ಬಿಡಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು, ‘ವಸತಿ ಗೃಹದಲ್ಲಿ ವಾಣಿಜ್ಯ ಚಟುವಟಿಕೆ’ಗೆ ಸಾಕ್ಷಿ ಎಂದಿರಿ. ಬ್ಲೌಸಿಗೆ ಇಷ್ಟು, ಫಾಲ್ಸ್ ಹಚ್ಚಲು ಅಷ್ಟು ಎಂದು ಸಂಪಾದಿಸುವುದು ವಾಣಿಜ್ಯವೇ ಇರಬಹುದು, ತಕರಾರಿಲ್ಲ. ಆದರೆ ಆ ಪೇಜಿನಲ್ಲಿ ಹೆಸರಿರುವ ಹೆಂಗಸರಿಗೆ ನಾನೇನು ಜವಾಬು ಕೊಡಲಿ? ಆ ಫೋಟೋ ಸೇರಿದ ತಮ್ಮ ವಸತಿ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಜನರಿದ್ದಾರೆ ಎಂದು ಅವರು ಕೇಳುತ್ತಿದ್ದಾರೆ.

ಫ್ರಿಜ್ಜು ತೆರೆದು ನೋಡಿದ್ದಕ್ಕೆ ಮಾತ್ರ ನನಗೆ ಆಶ್ಚರ್ಯವಾಗಲಿಲ್ಲ. 2021ರ ಫೆಬ್ರವರಿ ನೆನಪಿದೆ. ಆಗಿನ ಆಹಾರ ಸಚಿವ ಉಮೇಶ ಕತ್ತಿಯವರು, ಟಿ.ವಿ., ಫ್ರಿಜ್, ಬೈಕು ಇದ್ದವರು ಮಾರ್ಚ್ ಕೊನೆಯೊಳಗೆ ಬಿಪಿಎಲ್ ಕಾರ್ಡು ವಾಪಸು ಕೊಡಬೇಕು ಎಂದಿದ್ದರು. ರಾಜ್ಯವೆಲ್ಲ ಗಲಾಟೆಯೆದ್ದು ಆ ಮಾತು ಹಿಂದಕ್ಕೆ ಹೋಯಿತು. ನಮ್ಮ ಮೆಟ್ಟಿಲಿನಲ್ಲಿ ಮಾತ್ರ ಆ ತಿಂಗಳು ಟಿ.ವಿ.ಗಳಿಗೆ ಬೆಡ್‌ಶೀಟ್ ಹೊದಿಸಿದ್ದರು. ಧಾರಾವಾಹಿಯನ್ನು ಸಣ್ಣ ಸೌಂಡಿನಲ್ಲಿ ಕೇಳುವ ಅಭ್ಯಾಸ ನಮ್ಮತ್ತೆಗೆ ಅವತ್ತಿನಿಂದಲೇ ಬಂದದ್ದು. ನನ್ನ ಫ್ರಿಜ್ಜಿನಲ್ಲಿ ತಮಗೆ ಸಿಕ್ಕಿದ್ದು ದೋಸೆಹಿಟ್ಟು, ಅರ್ಧ ಹೆಚ್ಚಿದ ಸೋರೆಕಾಯಿ, ಅತ್ತೆಯ ಇನ್ಸುಲಿನ್ನು. ಇನ್ಸುಲಿನ್ನು ಕೈಗೆತ್ತಿಕೊಂಡು ‘ಇದ್ಯಾರದು?’ ಎಂದಿರಿ. ನಮ್ಮತ್ತೆಯ ಸಕ್ಕರೆ ಕಾಯಿಲೆಯೂ ಈಗ ಕಡತ ಸೇರಿದೆ ಎಂದುಕೊಳ್ಳುತ್ತೇನೆ.

ನನ್ನ ಮಗಳು ಕಾನೂನು ಓದುತ್ತಿದ್ದಾಳೆ. ತಾವು ಹೋದ ಮೇಲೆ ಅವಳು ಫೋನು ಹಿಡಿದು ಕೂತಳು. ಕೇಂದ್ರ ಸರ್ಕಾರ 2021ರಲ್ಲೇ ಒಂದು ಮಾದರಿ ಬಾಡಿಗೆ ಕಾಯ್ದೆ ಸಿದ್ಧಮಾಡಿ ರಾಜ್ಯಗಳಿಗೆ ಕಳಿಸಿದೆಯಂತೆ. ಮನೆ ಮಾಲೀಕ ಒಳಗೆ ಬರಬೇಕಾದರೆ 24 ಗಂಟೆ ಮುಂಚೆ ತಿಳಿಸಬೇಕು, ಯಾವ ದಿನ, ಯಾವ ಹೊತ್ತು, ಯಾಕೆ ಎಂದು ಹೇಳಬೇಕು, ಸೂರ್ಯ ಹುಟ್ಟುವ ಮುನ್ನ ಮುಳುಗಿದ ಮೇಲೆ ಬರಕೂಡದು ಎಂದೆಲ್ಲ ಅದರಲ್ಲಿದೆ. ಅವಳು ಓದುತ್ತಾ ಹೋದಂತೆ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವಳು ಇನ್ನೊಂದು ಕಲಮು ಓದಿದಳು: ಸರ್ಕಾರ, ಸ್ಥಳೀಯ ಸಂಸ್ಥೆ, ಶಾಸನಬದ್ಧ ಮಂಡಳಿಗಳ ಮನೆಗಳಿಗೆ ಇದು ಅನ್ವಯಿಸುವುದಿಲ್ಲ. ಜಯನಗರದ ಔಟ್‌ಹೌಸಿನಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗನಿಗೆ ಕಾಯ್ದೆ ಬರೆದವರು ಒಂದು ದಿನದ ನೋಟಿಸು ಇಟ್ಟಿದ್ದಾರೆ, ಸರ್ಕಾರಿ ಸೂರಿನ ಕೆಳಗಿರುವ ನಮಗೆ ಇಟ್ಟಿಲ್ಲ. ಉಳಿದ ಮಾಲೀಕರಿಗೆಲ್ಲ ಸರ್ಕಾರ ಮರ್ಯಾದೆ ಕಲಿಸಿ, ತನಗೆ ಮಾತ್ರ ವಿನಾಯಿತಿ ಇಟ್ಟುಕೊಂಡಿದೆ. ಆ ಕಾಯ್ದೆಯನ್ನು ಒಪ್ಪುವುದು ಬಿಡುವುದು ರಾಜ್ಯಗಳ ಇಷ್ಟ, ಅದು ಬೇರೆ ಮಾತು.

ಇದಕ್ಕೂ ಮೊದಲೊಮ್ಮೆ ತಾವು ರಾತ್ರಿ ಒಂಬತ್ತೂವರೆಗೆ ಬಂದಿದ್ದಿರಿ, ಯಾರು ಯಾರು ಎಲ್ಲೆಲ್ಲಿ ಮಲಗುತ್ತಾರೆ ನೋಡಲು. ಅದಕ್ಕೂ ಮಗಳ ಪುಸ್ತಕದಲ್ಲಿ ಒಂದು ಕೇಸಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬುವನ ಮೇಲೆ ದರೋಡೆ ಆರೋಪ ಬಂದು, ಸಾಕ್ಷಿಯಿಲ್ಲದೆ ಬಿಡುಗಡೆಯಾಗಿತ್ತು. ಆದರೂ ಪೊಲೀಸರು ಹಿಸ್ಟರಿ ಶೀಟ್ ತೆರೆದು ರಾತ್ರಿ ಹೊತ್ತು ಅವನ ಮನೆ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಆ ರಾತ್ರಿ ಭೇಟಿಯ ನಿಯಮವನ್ನೇ ಹೊಡೆದುಹಾಕಿತು. ದರೋಡೆಯ ಗುಮಾನಿ ಇದ್ದವನಿಗೆ 1962ರಲ್ಲೇ ಸಿಕ್ಕಿದ ನಿದ್ದೆ ಅದು. ನನ್ನ ಮೇಲೆ ಇನ್ನೂ ಯಾವ ದರೋಡೆ ಕೇಸೂ ಇಲ್ಲ. ಬೇಕಾದರೆ ಒಂದು ಹಾಕಿಸಿಕೊಳ್ಳುತ್ತೇನೆ, ರಾತ್ರಿ ಹೊತ್ತು ನೆಮ್ಮದಿ ಸಿಗುವುದಾದರೆ.

ಆಗ ಕೋರ್ಟು ರಾತ್ರಿ ಭೇಟಿಯನ್ನು ತಡೆಯಿತೇ ಹೊರತು ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದೂ ಹೇಳಿತ್ತು. ಅದನ್ನು ಸರಿಮಾಡಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಮೇಲಿನ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದೆಲ್ಲ ಉಳ್ಳವರ ಶೋಕಿ, ಬಡವರಿಗೆ ಬೇಕಾದ್ದು ಅನ್ನ ಸೂರು ಎಂಬ ಮಾತನ್ನು ಆ ತೀರ್ಪು ಒಪ್ಪಲಿಲ್ಲ. ತೀರ್ಪಿನ ಪ್ರತಿ ತಮ್ಮ ಕಚೇರಿಗೆ ತಲುಪಿಲ್ಲವೆಂದು ಕಾಣುತ್ತದೆ. ಬಹುಶಃ ನಮ್ಮ ಬಚ್ಚಲಿನ ಬಾಗಿಲ ಅರ್ಜಿಯ ಕೆಳಗೆ ಸಿಕ್ಕಿಹಾಕಿಕೊಂಡಿರಬೇಕು.

ತಾವು ಬೇಸರ ಮಾಡಿಕೊಳ್ಳಬಾರದು. ತಮ್ಮಂಥವರು ಅಮೆರಿಕದಲ್ಲೂ ಇದ್ದರು. 1963ರಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯವರು, ಸರ್ಕಾರದಿಂದ ಸಹಾಯಧನ ಪಡೆಯುತ್ತಿದ್ದ ತಾಯಂದಿರ ಮನೆಗಳಿಗೆ ಬೆಳ್ಳಂಬೆಳಗ್ಗೆ ನುಗ್ಗಲು ನೌಕರರನ್ನು ಕಳಿಸಿದರು. ಒಬ್ಬ ಹಿಂಬಾಗಿಲು ಕಾಯಬೇಕು, ಇನ್ನೊಬ್ಬ ಮುಂಬಾಗಿಲಿನಿಂದ ಹೊಕ್ಕು ಗಂಡಸೇನಾದರೂ ಮಲಗಿದ್ದಾನೆಯೇ ಎಂದು ಹುಡುಕಬೇಕು. ಅಲ್ಲಿ ಗಂಡಸು ಸಿಕ್ಕಿದರೆ ತಪ್ಪು, ಇಲ್ಲಿ ಗಂಡಸು ಸಿಗದಿದ್ದರೆ ತಪ್ಪು. ದೇಶ ನೋಡಿ ಕೋಶ ಓದಿದರೆ ಗೊತ್ತಾಗುವುದು ಇಂಥವೇ. ಬೆನ್ನಿ ಪ್ಯಾರಿಶ್ ಎಂಬ ನೌಕರ ಈ ಕೆಲಸ ತನ್ನಿಂದಾಗದು ಎಂದ. ಮೇಲಿನವರ ಮಾತು ಕೇಳಲಿಲ್ಲವೆಂದು ಅವನನ್ನು ಕೆಲಸದಿಂದ ತೆಗೆದರು. 1967ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಆ ಪುಣ್ಯಾತ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಇದನ್ನು ನಾನು ಕಥೆ ಕಟ್ಟಿ ಹೇಳುತ್ತಿಲ್ಲ, ದಾಖಲೆಯಲ್ಲೇ ಇದೆ.

ಫೋಟೋ ವಿಚಾರಕ್ಕೆ ಬರೋಣ. ಶೌಚಾಲಯದ ಅನುದಾನಕ್ಕೆ ಹಳ್ಳಿಯಲ್ಲಿರುವ ನನ್ನ ತಂಗಿಯನ್ನು ಶೌಚಾಲಯದ ಬಾಗಿಲಲ್ಲಿ ನಿಲ್ಲಿಸಿ ಜಿಪಿಎಸ್ ಫೋಟೋ ತೆಗೆದಿದ್ದರು. ಅವಳ ಮದುವೆ ಆಲ್ಬಂ ಮಳೆಯಲ್ಲಿ ನೆನೆದುಹೋಯಿತು, ಹಾಗಾಗಿ ಈಗ ಅವಳ ಒಂದೇ ಒಂದು ಚೆನ್ನಾಗಿ ಬಂದ ಫೋಟೋ ಅದು. ಫೋಟೋ ಆದರೂ ವಾಸಿ, 2017ರಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಪಡಿತರ ಪಡೆಯುವವರ ಮನೆಗೋಡೆಗಳ ಮೇಲೆ, ನಾನು ಬಡವ, ಪಡಿತರ ಪಡೆಯುತ್ತೇನೆ ಎಂಬರ್ಥದ ಸಾಲು ಬರೆಸಿದ್ದರು. ತಾವು ಅಷ್ಟು ದೂರ ಹೋಗಿಲ್ಲ, ಅದಕ್ಕೆ ಋಣಿ. ನಮ್ಮ ಗೋಡೆಗೆ ಬಣ್ಣ ನಿಲ್ಲುವುದೂ ಇಲ್ಲ.

ಗೋಡೆ ಎಂದೆನಲ್ಲ, ಅಲ್ಲಿಗೇ ಬರಬೇಕಿತ್ತು. ತಾವು ಮಂಚದ ಕೆಳಗೆ ಬಗ್ಗಿ ನೋಡಿದಿರಿ. ಅದೇ ಮಂಚದ ಮೇಲೆ, ಸೂರಿನಲ್ಲಿ, ಸಿಮೆಂಟು ಉದುರಿ ಕಬ್ಬಿಣದ ಸರಳು ಈಚೆಗೆ ಬಂದಿದೆ. ತಲೆ ಎತ್ತಿದ್ದರೆ ಕಾಣುತ್ತಿತ್ತು. ಬೀರು ತೆರೆಸಿದಿರಿ, ಬೀರುವಿನ ಹಿಂದೆ ಮೇಲಿನ ಮನೆಯ ಬಚ್ಚಲ ನೀರು ಇಳಿದು ಗೋಡೆ ಹಸಿರಾಗಿದೆ. ಅತ್ತೆಯ ಔಷಧಿ ಚೀಟಿ ಕೇಳಿದಿರಿ, ಸ್ಯಾನಿಟರಿ ಪೈಪು ಒಡೆದು ಹಿಂದಿನ ಸಂದಿಯಲ್ಲಿ ನಿಂತ ನೀರಿನ ವಾಸನೆ ತಮ್ಮ ಮೂಗಿಗೆ ಬಂದೇ ಇರುತ್ತದೆ, ಕರವಸ್ತ್ರ ತೆಗೆದದ್ದು ನೋಡಿದ್ದೇನೆ. ಇದಕ್ಕೆಲ್ಲ ತಮ್ಮ ಫಾರಂನಲ್ಲಿ ಜಾಗವೇ ಇಲ್ಲ. ಎಲ್ಲ ಕಾಲಮ್ಮುಗಳೂ ನಮ್ಮ ಮೇಲೇ ಇವೆ, ಕಟ್ಟಡದ ಮೇಲೆ ಒಂದೂ ಇಲ್ಲ. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಸಮುಚ್ಚಯದ ಒಂದು ಬ್ಲಾಕು 2007ರಲ್ಲಿ ಕುಸಿದುಬಿತ್ತು. ಅಲ್ಲಿದ್ದವರು ತಗಡಿನ ಶೆಡ್ಡುಗಳಿಗೆ ಬಂದರು, 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನೂ ಕೆಡವಿದರು. ಕುಸಿಯುವ ಮುಂಚೆ ಆ ಗೋಡೆಗಳನ್ನು ಯಾರಾದರೂ ನಮ್ಮ ಚಪ್ಪಲಿ ಎಣಿಸಿದಷ್ಟು ಶ್ರದ್ಧೆಯಿಂದ ನೋಡಿದ್ದರೋ ಇಲ್ಲವೋ ತಾವೇ ಹೇಳಬೇಕು.

ತಪಾಸಣೆಯೇ ಬೇಡ ಎನ್ನುವಷ್ಟು ಮುಗ್ಧೆ ನಾನಲ್ಲ. ಬಡವರ ಹೆಸರಲ್ಲಿ ಮನೆ ಹಿಡಿದು ಬಾಡಿಗೆ ತಿನ್ನುವವರಿದ್ದಾರೆ, ಅವರನ್ನು ಹಿಡಿಯಲೇಬೇಕು. ಹಿಂದಿನ ಬ್ಲಾಕಿನಲ್ಲಿ ಒಬ್ಬ ಪುಢಾರಿಯದೇ ಐದು ಮನೆಗಳಿವೆ ಎಂದು ಮಕ್ಕಳಿಗೂ ಗೊತ್ತು. ತಾವು ಬರುವ ಸುದ್ದಿ ನಮಗೆ ಸಿಗುವುದಿಲ್ಲ, ಅವನಿಗೆ ಹಿಂದಿನ ದಿನವೇ ಸಿಗುತ್ತದೆ. ಅವತ್ತು ಐದಕ್ಕೂ ಬೀಗ. ತಾವು ಬೀಗ ಮುಟ್ಟಿ ನೋಡಿ, ‘ಬಾಗಿಲು ಹಾಕಿದೆ’ ಎಂದು ಬರೆದು ಮುಂದೆ ಹೋಗುತ್ತೀರಿ. ಮನೆಯಲ್ಲಿ ನಿಜವಾಗಿ ವಾಸಿಸುವವರ ಬೀರು ಬಿಚ್ಚಿಸುವ ತಾವು ವಾಸಿಸದವರ ಬೀಗಕ್ಕೆ ಅಷ್ಟೊಂದು ಗೌರವ ಕೊಡುವುದನ್ನು ನೋಡಿ, ನಾವೂ ಒಂದೊಂದು ಗೋದ್ರೆಜ್ ಬೀಗ ತಂದು ಒಳಗಿದ್ದುಕೊಂಡೇ ಹೊರಗಿನಿಂದ ಹಾಕಿಸಿಕೊಳ್ಳುವ ಬಗ್ಗೆ ಚರ್ಚೆ ಮಾಡಿದ್ದೇವೆ. ನೀರು ಹಿಡಿಯುವುದು ಹೇಗೆ ಎಂಬಲ್ಲಿ ಚರ್ಚೆ ನಿಂತಿದೆ.

ಕೇಳುವುದಿಷ್ಟೇ. ಬರುವ ಹಿಂದಿನ ದಿನ ಮೆಟ್ಟಿಲ ಗೋಡೆಗೆ ಒಂದು ಚೀಟಿ ಅಂಟಿಸಿ. ಗುರುತಿನ ಕಾರ್ಡು ಕೊರಳಲ್ಲಿರಲಿ, ಜೊತೆಗೊಬ್ಬ ಹೆಂಗಸಿರಲಿ. ಇಲ್ಲಿ ಯಾರಿದ್ದಾರೆ ಎಂದು ಕೇಳಿ, ಹೇಳುತ್ತೇವೆ. ಅದಕ್ಕೆ ಫ್ರಿಜ್ಜು ಬೇಕಾಗಿಲ್ಲ. ನನ್ನ ಪುಸ್ತಕದ ಫೋಟೋವನ್ನು ನನ್ನ ಕಣ್ಣೆದುರೇ ಅಳಿಸಿ, ಗ್ರೂಪಿನಿಂದಲೂ ತೆಗೆಸಿ. ಮುಂದಿನ ಸಲ ಪ್ಲಂಬರನ್ನೂ ಕರೆತನ್ನಿ. ಅವನು ಎಷ್ಟು ಹೊತ್ತಿಗೆ ಬಂದರೂ ನೋಟಿಸು ಬೇಡ, ರಾತ್ರಿ ಹನ್ನೆರಡಾದರೂ ಎದ್ದು ಬಾಗಿಲು ತೆಗೆದು ಕಾಫಿ ಕೊಡುತ್ತೇವೆ. ಹಿಂದಿನ ಸಂದಿಗೆ ಇಳಿಯಲು ಗಮ್‌ಬೂಟು ಅವನೇ ತರಬೇಕು, ಮಗನದು ಕಂಪನಿಯ ಬೂಟು.

ಇಂತಿ ತಮ್ಮ ವಿಧೇಯಳು,
ಮೂರನೇ ಮಹಡಿ, ಎಡಗಡೆ ಮೂಲೆ ಮನೆ.
(ಹೆಸರು, ವಯಸ್ಸು, ಫೋನ್ ನಂಬರು, ಗಂಡನ ವಿವರ, ಅತ್ತೆಯ ಸಕ್ಕರೆ ಪ್ರಮಾಣ ಎಲ್ಲವೂ ತಮ್ಮ ಮೊಬೈಲಿನಲ್ಲೇ ಇರುವುದರಿಂದ ಇಲ್ಲಿ ಮತ್ತೆ ಬರೆದಿಲ್ಲ.)