ಎಲ್ಲಾ ಮಕ್ಕಳಿಗೋಸ್ಕರ

ಯುರೋಪಿಗೆ ಹೊರಟ ಯಾವ ಅಪ್ಪನನ್ನು ಬೇಕಾದರೂ ಕೇಳಿ ನೋಡಿ, ತನಗೋಸ್ಕರ ಹೋಗುತ್ತಿದ್ದೇನೆ ಅಂತ ಒಬ್ಬನೂ ಒಪ್ಪುವುದಿಲ್ಲ. 'ನಮ್ಮದೇನಿದೆ ಸಾರ್, ಎಲ್ಲಾ ಮಕ್ಕಳಿಗೋಸ್ಕರ' ಅನ್ನುತ್ತಾನೆ. ಈ ವಿಷಯದಲ್ಲಿ ಷೆಂಗೆನ್ ವೀಸಾದವರೇ ಹೆಚ್ಚು ಪ್ರಾಮಾಣಿಕರು. ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ಆಗದವರಿಗೆ 45, ಆರರ ಕೆಳಗಿನವರಿಗೆ ಪುಕ್ಕಟೆ. ಯಾರಿಗೆ ಎಷ್ಟು ನೆನಪುಳಿಯುತ್ತದೋ ಅಷ್ಟೇ ಶುಲ್ಕ.

ಟೂರ್ ಕಂಪನಿಗಳ ಬ್ರೋಷರಿನಲ್ಲಿ 'ಫ್ಯಾಮಿಲಿ ಸ್ಪೆಷಲ್' ಎಂಬ ಪುಟವಿರುತ್ತದೆ. ಸ್ಪೆಷಲ್ ಏನೆಂದರೆ ಪ್ಯಾರಿಸ್ಸಿನಲ್ಲೂ ಪನೀರು, ದಾಲು, ಜೀರಾ ರೈಸು, ಲುಸರ್ನ್‌ನಲ್ಲೂ ಅದೇ. ಉಳಿದ ಹೊತ್ತೆಲ್ಲ ಬಸ್ಸು. ಯುರೋಪಿನ ಕಾನೂನು ಬಲು ಕರುಣಾಮಯಿ: ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರಿಗೆ 45 ನಿಮಿಷ ವಿಶ್ರಾಂತಿ ಕೊಡಲೇಬೇಕು, ಕೊಡದಿದ್ದರೆ ದಂಡ. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತ ಆರು ವರ್ಷದವನಿಗೆ ಮಾತ್ರ ಅಂಥ ಕಾನೂನು ಯಾವುದೂ ಇಲ್ಲ. ಅವನಿಗೆ ಅಜ್ಜಿಯ ಚಕ್ಕುಲಿ ಡಬ್ಬಿಯೇ ಆಸರೆ.

ಬ್ರಸೆಲ್ಸ್‌ನಲ್ಲಿ ಹತ್ತು ನಿಮಿಷದ ಫೋಟೋ ಸ್ಟಾಪು. ಓಡುತ್ತಾ ಹೋಗಿ ನೋಡಿದರೆ ಬೀದಿಯ ಮೂಲೆಯಲ್ಲಿ ಎರಡಡಿಯೂ ಇಲ್ಲದ ಕಂಚಿನ ಹುಡುಗ, ಮ್ಯಾನೆಕೆನ್ ಪಿಸ್, ಜಗತ್ತಿನ ಎದುರು ನಿಂತು ಉಚ್ಚೆ ಹೊಯ್ಯುತ್ತಿದ್ದಾನೆ. 1619ರಿಂದ ಅವನಿಗೆ ಇದೇ ಉದ್ಯೋಗ. ಅಸಲಿಯನ್ನು ಮ್ಯೂಸಿಯಮ್ಮಿನಲ್ಲಿ ಜೋಪಾನ ಮಾಡಿ ಈಗ ನಕಲಿಯನ್ನು ನಿಲ್ಲಿಸಿದ್ದಾರೆ; ಸಾವಿರಕ್ಕೂ ಹೆಚ್ಚು ಜೊತೆ ಬಟ್ಟೆ ಅವನದು, ಆ ವಾರ್ಡ್‌ರೋಬಿಗೇ ಬೇರೆ ಮ್ಯೂಸಿಯಂ. ನಮ್ಮೂರಿನಲ್ಲಿ ಇದೇ ಕೆಲಸ ಮಾಡುವವರಿಗಾಗಿ ಗೋಡೆಗೆ ದೇವರ ಪಟ ಅಂಟಿಸುತ್ತೇವೆ. ಸರಿಯಾಗಿ ಆ ಹೊತ್ತಿಗೇ ನಮ್ಮ ಹುಡುಗ ಅಮ್ಮನ ಸೆರಗು ಜಗ್ಗುತ್ತಾನೆ: 'ಅಮ್ಮಾ, ಸುಸ್ಸು.' ಶುರುವಾಗುತ್ತದೆ ನೋಡಿ ಹುಡುಕಾಟ. ಶೌಚಾಲಯ ಸಿಕ್ಕರೆ ಬಾಗಿಲಲ್ಲಿ ನಾಣ್ಯ ಕೇಳುತ್ತಾರೆ, ಅಪ್ಪನ ಬಳಿ ಇರುವುದು ಬರೀ ನೋಟು. ಕಂಚಿನವನು ನಾನೂರು ವರ್ಷದಿಂದ ಪುಕ್ಕಟೆ ಹೊಯ್ಯುತ್ತಿದ್ದರೆ, ರಕ್ತಮಾಂಸದವನು ಕಾಲು ಹೆಣೆದುಕೊಂಡು ಚಿಲ್ಲರೆಗೆ ಕಾಯುತ್ತಾನೆ. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಬಾವುಟ ಎತ್ತಿರುತ್ತಾರೆ.

ಲೂವ್ರ್‌ನಲ್ಲಿ ಹದಿನೆಂಟರೊಳಗಿನವರಿಗೆ ಪ್ರವೇಶ ಉಚಿತ. ಒಳಗೆ ಮಗುವಿಗೆ ಕಾಣುವುದು ಮೋನಾಲಿಸಾ ಅಲ್ಲ, ಮೋನಾಲಿಸಾ ನೋಡುತ್ತಿರುವವರ ಸೊಂಟ.

ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಹಿಂದಿ ಸಿನಿಮಾ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯಿದೆ, 2016ರಲ್ಲಿ ನಿಲ್ಲಿಸಿದ್ದು. 'ಯಶ್' ಎಂದೊಡನೆ ಕಣ್ಣರಳಿಸಿಕೊಂಡು ಓಡಿಹೋದ ಹುಡುಗ, ಗಡ್ಡವಿಲ್ಲ ಗನ್ನಿಲ್ಲ ಅಂತ ಮುಖ ಚಿಕ್ಕದು ಮಾಡಿಕೊಂಡು ವಾಪಸು ಬರುತ್ತಾನೆ. ಅಪ್ಪ ಅಮ್ಮ ಮಾತ್ರ ಅಲ್ಲಿ ಇಪ್ಪತ್ತೈದು ನಿಮಿಷ ಶಿಫಾನ್ ಸೀರೆಯ ಪೋಸು ಕೊಡುತ್ತಾರೆ. ಇದೂ ಮಕ್ಕಳಿಗೋಸ್ಕರವೇ ಇರಬೇಕು.

ಹಾಗಾದರೆ ಯುರೋಪಿನಲ್ಲಿ ಮಕ್ಕಳಿಗೆ ಏನೂ ಇಲ್ಲವೇ? ಬೇಕಾದಷ್ಟಿದೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ತೋಟದ ಕೊಳದಲ್ಲಿ ಬಾಡಿಗೆಗೆ ಆಟದ ಹಾಯಿದೋಣಿ ಕೊಡುತ್ತಾರೆ; ಒಂದು ಕೋಲಿನಿಂದ ನೂಕುತ್ತಾ ಮಕ್ಕಳು ಮಧ್ಯಾಹ್ನವಿಡೀ ಕೊಳ ಸುತ್ತುತ್ತಾರೆ. ಸ್ವಿಸ್ ರೈಲುಗಳ ಫ್ಯಾಮಿಲಿ ಬೋಗಿಯಲ್ಲಿ ಮಹಡಿಯ ಮೇಲೆ ಜಾರುಬಂಡೆಯೇ ಇದೆ. ಜ್ಯೂರಿಕ್‌ನಲ್ಲಿ 1,200ಕ್ಕೂ ಹೆಚ್ಚು ಕಾರಂಜಿಗಳು, ಬೊಗಸೆಯೊಡ್ಡಿ ಕುಡಿಯಬಹುದು. ಲುಸರ್ನ್‌ನಲ್ಲಿ ರೈಲು, ವಿಮಾನ, ಹಡಗುಗಳೇ ತುಂಬಿದ ಸಾರಿಗೆ ಮ್ಯೂಸಿಯಂ. ಆದರೆ ನಮ್ಮ ಬಸ್ಸು ಲುಸರ್ನ್‌ನಲ್ಲಿ ನಿಲ್ಲುವುದು ಗಡಿಯಾರದಂಗಡಿ ಮುಂದೆ. ಕಾರಂಜಿಗೆ ಟಿಕೆಟಿಲ್ಲ, ಟಿಕೆಟಿಲ್ಲದ ಕಡೆ ಕಮಿಷನ್ನಿಲ್ಲ. ಅದಕ್ಕಿಂತ ದೊಡ್ಡ ತೊಡಕು ನಮ್ಮದೇ. ಮಗ ಕೊಳದಲ್ಲಿ ಕೋಲಾಡಿಸಿದ ಫೋಟೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದರೆ, 'ಲಾಲ್‌ಬಾಗಾ?' ಅಂತ ಕೇಳಿಬಿಟ್ಟರೆ? ಮೂರು ವರ್ಷದ ಇಎಂಐ ನೀರುಪಾಲು. ಹಾಗಾಗಿ ಕುಣಿಯುತ್ತಿದ್ದವನ ತೋಳು ಹಿಡಿದೆಳೆದು ಐಫೆಲ್ ಟವರಿನ ಮುಂದೆ ನಿಲ್ಲಿಸಿ 'ನಗು' ಅನ್ನುತ್ತೇವೆ. ನಗದಿದ್ದರೆ, 'ಇಷ್ಟು ಖರ್ಚು ಮಾಡಿ ಕರಕೊಂಡು ಬಂದಿದ್ದಕ್ಕೆ...'

ರೈನ್ ಜಲಪಾತಕ್ಕೆ ಅರ್ಧ ಗಂಟೆ ಕೊಟ್ಟಿರುತ್ತಾರೆ. ದೋಣಿಯಲ್ಲಿ ಹೋಗಿ ನಡುಬಂಡೆ ಹತ್ತಬಹುದು, ಆದರೆ ಅಷ್ಟು ಸಮಯವಿಲ್ಲ. ಎತ್ತರ 23 ಮೀಟರು, ಅಗಲ 150. ನೀರು ಭೋರ್ಗರೆಯುತ್ತಿದೆ, ಮಗಳು ಬಾಯಿ ತೆರೆದು ನಿಂತಿದ್ದಾಳೆ. ಅಪ್ಪನ ಕನ್ನಡಾಭಿಮಾನ ಉಕ್ಕುವುದು ಅಲ್ಲೇ.

'ಇದೇನು ಮಹಾ! ನಮ್ಮ ಜೋಗ 253 ಮೀಟರು ಗೊತ್ತಾ?'

'ನಾವ್ಯಾಕಪ್ಪಾ ಅದನ್ನ ನೋಡಿಲ್ಲ?'

'ಬೇಸಿಗೆ ರಜದಲ್ಲಿ ಅಲ್ಲಿ ನೀರಿರಲ್ಲ ಪುಟ್ಟಿ, ಎಲ್ಲಾ ಲಿಂಗನಮಕ್ಕಿ ಡ್ಯಾಮಲ್ಲಿ ನಿಂತಿರುತ್ತೆ.'

'ಮಳೆಗಾಲದಲ್ಲಿ?'

'ನಿಂಗೆ ಸ್ಕೂಲು.'

'ದಸರಾ ರಜದಲ್ಲಿ?'

'ದುಬೈ ಬುಕ್ಕಾಗಿದೆ.'